ಹೊಲಿಗೆ ಕಡಿಮೆಯಿದ್ದಷ್ಟೂ

ಹೊಸ ಷೂ ಕೈಗೆ ಬಂತೆಂದರೆ ನಾನು ಮೊದಲು ಅದರ ಮೂತಿ ಹಿಡಿದು ಮೇಲಕ್ಕೆ ಬಗ್ಗಿಸುತ್ತೇನೆ. ಬೆರಳುಗಳ ಹಿಂದೆ, ನಡೆಯುವಾಗ ಪಾದ ಮಡಚುವ ಕಡೆ, ಅಡ್ಡಕ್ಕೊಂದು ಗೆರೆ ಮೂಡುತ್ತದೆ. ಆ ಗೆರೆಯ ಮೇಲೆ ಹೊಲಿಗೆ ಹಾದುಹೋಗಿದೆಯೇ ಎಂಬುದು ನನಗೆ ಬೆಲೆಗಿಂತ, ಕಂಪನಿಯ ಹೆಸರಿಗಿಂತ ಮುಖ್ಯ. ಅಂಗಡಿಯ ಹುಡುಗ "ಹಾಗೆ ಬಗ್ಗಿಸಬೇಡಿ ಸಾರ್, ಗೆರೆ ಬೀಳುತ್ತೆ" ಅನ್ನುತ್ತಾನೆ. ಗುಡ್ಡದಲ್ಲಿ ಗೆರೆ ಬೀಳುವುದೂ ಅಲ್ಲಿಯೇ, ಅದಕ್ಕೇ ನೋಡುತ್ತಿದ್ದೇನೆ ಅನ್ನುತ್ತೇನೆ.

ನನ್ನ ಒಲವು ಕಾಲಿನ ಹರಡಿನ ಕೆಳಗೇ ನಿಲ್ಲುವ ಲೋ ಕಟ್ ಷೂಗಳ ಕಡೆಗೆ. ಭಾರದ ಚೀಲ ಹೊತ್ತು ಹಿಮಾಲಯಕ್ಕೆ ಹೋಗುವವರು ಎತ್ತರದ ಬೂಟನ್ನೇ ಹಾಕಲಿ. ಹಗಲಲ್ಲೇ ಹತ್ತಿಳಿಯುವ ನಮ್ಮ ಘಟ್ಟಗಳಿಗೆ ಇವು ಸಾಕು. ಹಗುರ, ಹರಡು ಸಲೀಸಾಗಿ ತಿರುಗುತ್ತದೆ, ಹೆಜ್ಜೆಯಡಿಯ ಕಲ್ಲು ಎಂಥದ್ದೆಂದು ಪಾದಕ್ಕೆ ತಿಳಿಯುತ್ತದೆ. ರಾತ್ರಿ ಬೆಂಗಳೂರಿನಲ್ಲಿ ಬಸ್ ಹತ್ತುವಾಗ ಹಾಕಿಕೊಂಡದ್ದರಲ್ಲೇ ಬೆಳಿಗ್ಗೆ ಸುಬ್ರಹ್ಮಣ್ಯದಲ್ಲಿಳಿದು ಕುಮಾರ ಪರ್ವತದ ದಾರಿ ಹಿಡಿಯಬಹುದು. ಸೋಮವಾರ ಆಫೀಸಿಗೂ ಅದೇ ನಡೆಯುತ್ತದೆ. ಹೀಗೆ ಊರಲ್ಲೂ ನಾಲ್ಕು ಜನರ ಕಣ್ಣಿಗೆ ಬೀಳುವುದರಿಂದಲೇ ಅಂದದ ಪ್ರಶ್ನೆ ಏಳುವುದು.

ಹತ್ತು ಸಾವಿರ ರೂಪಾಯಿ ದಾಟಿದ ಷೂಗಳಲ್ಲಿ ನಾನು ಎರಡು ಬಗೆಯ ಅಂದ ಕಂಡಿದ್ದೇನೆ. ಒಂದು, ಸೇರಿಸುತ್ತ ಹೋಗುವ ಅಂದ: ಜಾಲರಿ ಬಟ್ಟೆ, ಅದರ ಮೇಲೆ ಬಣ್ಣದ ಪಟ್ಟಿ, ಪಟ್ಟಿಯ ಅಂಚಿಗೆ ಮತ್ತೊಂದು ಸಾಲು ಹೊಲಿಗೆ. ಇನ್ನೊಂದು, ಬಿಡುತ್ತ ಹೋಗುವ ಅಂದ: ಮೂತಿಯಿಂದ ಹಿಮ್ಮಡಿಯವರೆಗೆ ಆದಷ್ಟೂ ಒಂದೇ ತುಂಡು ಚರ್ಮ, ಹಿಂದೊಂದು ಜೋಡಣೆ, ಸುತ್ತ ರಬ್ಬರಿನ ಅಂಚು. ನನ್ನ ಕಣ್ಣಿಗೆ ಎರಡನೆಯದೇ ಚೆಂದ. ಬಾಳಿಕೆ ಬರುವುದೂ ಅದೇ. ಮಲೆನಾಡಿನ ಮುರಕಲ್ಲಿನ ಹಾದಿಯಲ್ಲಿ ಸಣ್ಣ ಹರಳು, ಮರಳು ಹೊಲಿಗೆಯ ಸಂದಿಗೆ ಸೇರಿಕೊಳ್ಳುತ್ತವೆ. ಪಾದ ಮಡಚಿದಾಗಲೆಲ್ಲ ದಾರವನ್ನು ತೇಯುತ್ತವೆ. ಮೊದಲು ಒಂದು ಎಳೆ ಬಿಳಿಚಿಕೊಂಡು ಮೇಲೇಳುತ್ತದೆ, ಆಮೇಲೆ ಪಕ್ಕದ್ದು, ಕೊನೆಗೆ ಕಿರುಬೆರಳಿನ ಬಳಿ ಷೂ ಬಾಯಿ ಬಿಡುತ್ತದೆ. ಹೊಲಿಗೆಯೇ ಇಲ್ಲದ ಕಡೆ ತೇಯುವುದಕ್ಕೆ ದಾರವೇ ಇಲ್ಲ. ಆದರೆ ಗಾಯ, ಕಲೆ ಯಾವುದೂ ಇಲ್ಲದ ಅಷ್ಟಗಲದ ಚರ್ಮ ಸುಲಭಕ್ಕೆ ಸಿಗುವಂಥದ್ದಲ್ಲ. ಚೂರು ಚೂರು ಸೇರಿಸಿ ಹೊಲಿದರೆ ಪೋಲು ಕಡಿಮೆ. ಸರಳವಾಗಿ ಕಾಣುವ ಷೂ ದುಬಾರಿಯಾಗುವುದು ಇದರಿಂದ. ಆ ದುಡ್ಡು ಕೊಡುವುದಕ್ಕೆ ನನಗೆ ಬೇಸರವಿಲ್ಲ.

ಚರ್ಮದಲ್ಲಿ ನುಬಕ್ ನನಗೆ ಅಚ್ಚುಮೆಚ್ಚು. ಚರ್ಮದ ಹೊರಮೈಯನ್ನೇ ಹದವಾಗಿ ಉಜ್ಜಿ ನವಿರು ಮಾಡಿದ್ದು. ಒಳಪದರವನ್ನು ಸೀಳಿ ತೆಗೆದ ಸ್ವೀಡ್‌ಗಿಂತ ಗಟ್ಟಿ. ಬೆರಳೆಳೆದ ಕಡೆ ಬಣ್ಣ ತುಸು ಗಾಢವಾಗುತ್ತದೆ, ಹಿಂದಕ್ಕೆ ಸವರಿದರೆ ತಿಳಿಯಾಗುತ್ತದೆ. ಲಂಟಾನದ ಮುಳ್ಳು ಗೀರಿದ ಗುರುತು ಅದರಲ್ಲಿ ಬೆರೆತುಹೋಗುತ್ತದೆ.

ಸೋಲ್ ವಿಷಯದಲ್ಲಿ ಮಾತ್ರ ನಾನು ಬಾಳಿಕೆಯನ್ನು ಬಿಟ್ಟುಕೊಡುತ್ತೇನೆ. ಇಟಲಿಯ ಪರ್ವತಾರೋಹಿ ವಿಟಾಲೆ ಬ್ರಮಾನಿ 1935ರಲ್ಲಿ ಆಲ್ಪ್ಸ್‌ನಲ್ಲಿ ತನ್ನ ತಂಡದ ಆರು ಮಂದಿಯನ್ನು ಕಳೆದುಕೊಂಡ. ಆ ಸಾವುಗಳೇ ಅವನನ್ನು ಸೋಲ್‌ಗಳ ಕಡೆ ತಿರುಗಿಸಿದವು; 1937ರಲ್ಲಿ ಆಳವಾದ ಹಲ್ಲುಗಳುಳ್ಳ ರಬ್ಬರ್ ಸೋಲ್ ಹೊರತಂದ. ಇಂದಿನ ವಿಬ್ರಮ್ ಸೋಲ್‌ಗಳ ಮೂಲ ಅದು, ಹುಟ್ಟಿದ್ದೇ ಹಿಡಿತಕ್ಕಾಗಿ. ಗಟ್ಟಿ ರಬ್ಬರ್ ಬಹುಕಾಲ ಸವೆಯದು, ಆದರೆ ಪಾಚಿಗಟ್ಟಿದ ಬಂಡೆ ಎದುರಾದರೆ ಜಾರುತ್ತದೆ. ಮೆತ್ತನೆಯದು ಡಾಂಬರು ರಸ್ತೆಯಲ್ಲಿ ಬೇಗ ಸವೆದರೂ ಒದ್ದೆ ಕಲ್ಲನ್ನು ಕಚ್ಚಿ ಹಿಡಿಯುತ್ತದೆ. 1712 ಮೀಟರಿನ ಕುಮಾರ ಪರ್ವತದಿಂದ ಶೇಷಪರ್ವತದ ಮೇಲೆ ಹಾದು ಇಳಿದು ಬರುವಾಗ ನನಗೆ ಬೇಕಾದದ್ದು ಎರಡನೆಯದು. ಮೇಲಿನ ಚರ್ಮ ಚೆನ್ನಾಗಿದ್ದರೆ ಸೋಲ್ ಬದಲಿಸಿಕೊಳ್ಳಬಹುದಲ್ಲ! (ಎಲ್ಲ ಷೂಗಳಿಗೂ ಇದು ಆಗುವುದಿಲ್ಲ, ಕೊಳ್ಳುವ ಮೊದಲೇ ಕೇಳಬೇಕು.)

ನೀರು ತಡೆಯುವ ಒಳಪದರಕ್ಕೆ ಹೆಚ್ಚಿನ ದುಡ್ಡು ಕೇಳುತ್ತಾರೆ. ಲೋ ಕಟ್‌ಗೆ ನಾನದನ್ನು ಕೊಡುವುದಿಲ್ಲ. ಹಳ್ಳ ದಾಟುವಾಗ ನೀರು ನುಗ್ಗುವುದು ಮೇಲಿನಿಂದ. ಹೊರಗಿನ ನೀರು ತಡೆದ ಆ ಪದರವೇ ಒಳಗಿನದನ್ನೂ ಹಿಡಿದಿಡುತ್ತದೆ.

ದುಬಾರಿ ಷೂ ಎಂದು ಜತನದಿಂದ ಡಬ್ಬದಲ್ಲಿಡುವವರಿಗೆ ಒಂದು ಮಾತು. ಸೋಲ್‌ನ ನಡುಪದರ ಪಾಲಿಯುರೆಥೇನಿನದ್ದಾದರೆ ತೇವದ ಗಾಳಿಗೆ ಒಳಗೊಳಗೇ ಸಡಿಲವಾಗುತ್ತದೆ. ಕೆಲವು ವರ್ಷ ಬಿಟ್ಟು ಹಾಕಿ ನಡೆದರೆ ರಸ್ಕಿನಂತೆ ಪುಡಿಯಾಗುತ್ತದೆ. ಕರಾವಳಿಯ ಸೆಕೆಯಲ್ಲಿ ಇದಕ್ಕೆ ಇನ್ನೂ ಅವಸರ. ಇವಿಎಯ ನಡುಪದರ ಹೀಗೆ ಪುಡಿಯಾಗದು, ಆದರೆ ತುಳಿದು ತುಳಿದು ಚಪ್ಪಟೆಯಾಗುತ್ತದೆ. ಹೇಗಿದ್ದರೂ ಹಾಕಿಕೊಂಡು ನಡೆಯುವುದೇ ಲಾಭ.

ನನ್ನ ಕಂದು ಜೋಡಿಯ ಹಿಮ್ಮಡಿ ಹೊರಅಂಚಿನಲ್ಲಿ ಸವೆದಿದೆ, ಮಡಚುವ ಕಡೆ ಚರ್ಮ ಇನ್ನೂ ಬಿರಿದಿಲ್ಲ. ಮಳೆ ನಿಂತ ಮೇಲೆ ಕುದುರೆಮುಖಕ್ಕೆ ಹೊರಡುವ ಮೊದಲು ಹೊಸ ಸೋಲ್ ಹಾಕಿಸಬೇಕು, ಮತ್ತೆ ಮೆತ್ತನೆಯ ರಬ್ಬರಿನದ್ದೇ.