ಮೂಲೆಯ ಧೂಳಿನಲ್ಲೊಂದು ಜೀವ

ಉತ್ತರ ಭಾರತದ ಒಣಸೀಮೆಯ ಒಂದು ಹಳೆಯ ಮನೆ. ಮುಸ್ಸಂಜೆ. ಅರೆಗತ್ತಲಿನ ಕೋಣೆಯಲ್ಲಿ ಸೊಳ್ಳೆಯಂಥದೇನೋ ಮೇಲಕ್ಕೂ ಕೆಳಕ್ಕೂ ತೂಗಾಡುತ್ತಿದೆ. ಅದರ ಹಿಂದೆ ಎರಡು ನೂಲೆಳೆಗಳು ತೇಲುತ್ತಿವೆ. ಮನೆಯವರು ಕೈಬೀಸಿ ಓಡಿಸುತ್ತಾರೆ.

ಆ ನೂಲೆಳೆಗಳು ಬಾಲವಲ್ಲ, ರೆಕ್ಕೆಗಳು! ಹಿಂದಿನ ಜೋಡಿ ರೆಕ್ಕೆಗಳು ದೇಹಕ್ಕಿಂತಲೂ ಉದ್ದ, ದಾರದಷ್ಟೇ ಸಪೂರ. ಈ ಕೀಟದ ಹೆಸರು ಕ್ರೋಸಿ. ಮರಳಿನಲ್ಲಿ ಬಟ್ಟಲಿನಂಥ ಕುಳಿ ತೋಡಿ ಇರುವೆಗಾಗಿ ಕಾಯುವ ಹುಳುವನ್ನು ಕಡ್ಡಿಯಿಂದ ಕೆದಕದ ಹಳ್ಳಿ ಹುಡುಗರುಂಟೆ? ಅದರ ದಾಯಾದಿ ಇದು. ಇಬ್ಬರೂ ಜಾಲರೆಕ್ಕೆಯ ಕೀಟಗಳ ಗುಂಪಿಗೆ ಸೇರಿದವರು.

ಈ ವಂಶದ ಕಥೆ ಗೋರಿಗಳಿಂದ ಶುರುವಾಗುತ್ತದೆ. ಈಜಿಪ್ಟಿನ ಪಿರಮಿಡ್ಡುಗಳ ಬಳಿ, ಗೋರಿಯ ಮರಳಿನಲ್ಲಿ ಸಿಕ್ಕ ಹುಳುವೊಂದರ ವರ್ಣನೆ 1833ರಲ್ಲಿ ಪ್ರಕಟವಾಯಿತು. ಕೊಕ್ಕರೆಯಂಥ ಉದ್ದ ಕತ್ತು, ಅದರ ತುದಿಗೆ ಇಕ್ಕಳದಂಥ ದವಡೆ. ಫ್ರೆಂಚ್ ನಿಸರ್ಗವಿಜ್ಞಾನಿ ಪೊಲಿಡೋರ್ ರೂ ಅದಕ್ಕಿಟ್ಟ ಹೆಸರು ನೆಕ್ರೋಫಿಲಸ್, ಅಂದರೆ ಹೆಣಪ್ರಿಯ. ಪಾಪ, ಹುಳುವಿಗೆ ಹೆಣದ ಗೊಡವೆಯೇ ಇರಲಿಲ್ಲ. ಧೂಳಿನಲ್ಲಿ ಓಡಾಡುವ ಸಣ್ಣಪುಟ್ಟ ಕೀಟಗಳೇ ಅದರ ಊಟ. ರೂ ಅದೇ ವರ್ಷ ಮುಂಬಯಿಯಲ್ಲಿ ತೀರಿಕೊಂಡ. ಅದು ರೆಕ್ಕೆಯ ಕೀಟವೊಂದರ ಮರಿಯೆಂದು ಜನಕ್ಕೆ ಹೊಳೆದದ್ದು ಆಮೇಲೆ.

ನಮ್ಮ ದೇಶದ ಕ್ರೋಸಿಯ ಸರದಿ ಬಂದದ್ದು 1911ರಲ್ಲಿ. ಅಲಹಾಬಾದಿನಲ್ಲಿ, ಅಂದರೆ ಈಗಿನ ಪ್ರಯಾಗರಾಜದಲ್ಲಿ, ಜೀವಶಾಸ್ತ್ರ ಕಲಿಸುತ್ತಿದ್ದ ಎ.ಡಿ. ಇಮ್ಸ್ ಅದರ ಜೀವನಚರಿತ್ರೆ ಪ್ರಕಟಿಸಿದರು. ಕೃಷಿ ವಿದ್ಯಾರ್ಥಿಗಳಿಗೆ ಇಮ್ಸ್ ಎಂದರೆ ಒಂದು ದಪ್ಪ ಪುಸ್ತಕ. ಆ ಪುಸ್ತಕ ಬಂದದ್ದು 1925ರಲ್ಲಿ. ಅದಕ್ಕೂ ಮೊದಲು ಅವರು ನೋಡಿದ್ದು ಮನೆಯ ಕಸವನ್ನು. ಮಗ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು ಧೂಳು ನೋಡುತ್ತಿದ್ದರೆ ನಾವು ಟ್ಯೂಷನ್ನಿಗೆ ಅಟ್ಟುತ್ತೇವೆ!

ಕ್ರೋಸಿಯ ಮರಿ ಇರುವುದು ಆ ಮೂಲೆಯಲ್ಲೇ. ಮೈಗೆ ಧೂಳು ಮೆತ್ತಿಕೊಂಡು ಅಲುಗಾಡದೆ ಕಾಯುತ್ತದೆ. ಹಳೆಯ ಪುಸ್ತಕ ತೆರೆದಾಗ ಹರಿದಾಡುವ ಪುಸ್ತಕದ ಹೇನಿನಂಥವು ಹತ್ತಿರ ಬಂದರೆ ದವಡೆಯಿಂದ ಹಿಡಿದು ರಸ ಹೀರುತ್ತದೆ. ಅಗಿಯುವ ಮಾತೇ ಇಲ್ಲ. ಇನ್ನೂ ಸೋಜಿಗವೆಂದರೆ, ಜಾಲರೆಕ್ಕೆಯ ಮರಿಗಳಿಗೆಲ್ಲ ಹೊಟ್ಟೆಯ ಹಾದಿ ಹಿಂದಕ್ಕೆ ಮುಚ್ಚಿರುತ್ತದೆ. ಮರಿಗಾಲದ ಘನ ಕಲ್ಮಷವೆಲ್ಲ ಒಳಗೇ ಉಳಿದು, ಪ್ರೌಢ ಕೀಟವಾದ ಮೇಲೆಯೇ ಹೊರಬೀಳುತ್ತದೆ. ಹಿಂಬದಿಗೆ ಬೇರೆ ಕೆಲಸವಿದೆ: ಗೂಡು ಕಟ್ಟುವ ರೇಷ್ಮೆಯೆಳೆ ಬರುವುದು ಅಲ್ಲಿಂದ.

ಪೊರಕೆಗೆ ಸಿಗದೆ ಉಳಿದ ಮರಿ ಆ ಗೂಡಿನೊಳಗೆ ರೂಪ ಬದಲಿಸಿ ಹೊರಬರುತ್ತದೆ. ರೆಕ್ಕೆ ಒಣಗಿದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಅದೇ ಕೋಣೆಯಲ್ಲಿ ಅದರ ತೂಗಾಟ. ಮನೆಯವರು ಮತ್ತೆ ಕೈಬೀಸುತ್ತಾರೆ.