ಅಬ್ಬಾ ಮಾಡುವ ಲೆಕ್ಕ

ನಮ್ಮ ಅಬ್ಬಾ ವಿದ್ಯುತ್ ಲೈನ್ ತಂಡದ ಮೇಸ್ತ್ರಿ. ಮಳೆಗಾಲದಲ್ಲಿ ಮರ ಬಿದ್ದು 11 ಕೆವಿ ತಂತಿ ತುಂಡಾದರೆ ಆರು ಜನರೊಂದಿಗೆ ಹೊರಡುತ್ತಾರೆ. ಸಬ್‌ಸ್ಟೇಷನ್‌ನಿಂದ ಲೈನ್ ಕ್ಲಿಯರ್ ಸಿಗುವವರೆಗೆ ಯಾರನ್ನೂ ಕಂಬ ಹತ್ತಿಸುವುದಿಲ್ಲ. ಸಿಕ್ಕ ಮೇಲೂ ತಂತಿಯಲ್ಲಿ ಕರೆಂಟ್ ಇಲ್ಲವೆಂದು ಪರೀಕ್ಷಿಸಿ, ಕೆಲಸದ ಜಾಗದ ಎರಡೂ ಬದಿಗೆ ಅರ್ಥ್ ರಾಡ್ ಹಾಕಿಸುತ್ತಾರೆ. ಯಾರದೋ ಜನರೇಟರ್‌ನಿಂದ ಕರೆಂಟ್ ಹಿಂದಕ್ಕೆ ಹರಿದರೂ ಅದು ನೆಲಕ್ಕೆ ಇಳಿಯಬೇಕು.

ಕತ್ತಲಲ್ಲಿ ಕಾದ ಜನ ಫೋನಿನಲ್ಲಿ ಬೈಯುತ್ತಾರೆ. "ಬೈಗುಳದಿಂದ ಯಾರೂ ಸಾಯೋದಿಲ್ಲ ಬೇಟಾ" ಎನ್ನುತ್ತಾರೆ ಅಬ್ಬಾ. ಎಲ್ಲರೂ ಇಳಿದರೆಂದು ತಲೆ ಎಣಿಸಿ, ರಾಡ್ ತೆಗೆಸಿ, ಆಮೇಲೆಯೇ ಲೈನ್ ಕ್ಲಿಯರ್ ಹಿಂದಿರುಗಿಸುತ್ತಾರೆ.

ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ನಾವು ಮತ್ತೆ ಕೂಡಿಸಬಹುದು. ಅಬ್ಬಾ ಅವರ ಲೆಕ್ಕಕ್ಕೆ ಎರಡನೇ ಸಲ ಇಲ್ಲ. ಕರೆಂಟ್ ಹೋದಾಗ ಬೈಯುವ ಮುನ್ನ, ಕಂಬದ ಮೇಲೆ ಒಬ್ಬರಿರಬಹುದು ಎಂದು ನೆನೆಯಿರಿ ಗೆಳೆಯರೇ.