ಹುಟ್ಟುಹಬ್ಬಕ್ಕೆ ಯಾವ ವಧೆ?

ನಮ್ಮ ಅಮ್ಮ ಹುಟ್ಟಿದ ತಾರೀಕು ಖಚಿತವಾಗಿ ಗೊತ್ತಿರುವುದು ಆಧಾರ್ ಕಾರ್ಡಿಗೆ ಮಾತ್ರ. ಅದರಲ್ಲಿ ಜೂನ್ 1 ಎಂದಿದೆ. ಕುಂದಾಪುರದ ಹತ್ತಿರದ ಆ ಶಾಲೆಯ ಮೇಷ್ಟ್ರು ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ ಮಕ್ಕಳನ್ನೆಲ್ಲ ಜೂನ್ ಒಂದರಂದೇ ಹುಟ್ಟಿಸಿಬಿಟ್ಟಿದ್ದರು. ಅಮ್ಮನ ಲೆಕ್ಕ ಬೇರೆ. ಆಸಾಡಿ ಅಮಾವಾಸ್ಯೆಗೆ ಇನ್ನು ನಾಲ್ಕು ದಿನ ಇರುವಾಗ, ಹೊಳೆನೀರು ಅಂಗಳದ ಮೆಟ್ಟಿಲಿಗೆ ಬಂದ ರಾತ್ರಿ ತಾನು ಹುಟ್ಟಿದ್ದು ಎನ್ನುತ್ತಾಳೆ. ಹೋದ ವರ್ಷ ಅವಳಿಗೆ ಎಂಬತ್ತಾಯಿತು. ಛತ್ರಪತಿ ಸಂಭಾಜಿನಗರದಲ್ಲಿರುವ ತಂಗಿ ಫೋನ್ ಮಾಡಿ, "ಅಣ್ಣ, ಈ ಸಲ ಸುಮ್ಮನೆ ಬಿಡುವುದಲ್ಲ, ಗೌಜಿಯಲ್ಲೇ ಮಾಡುವ" ಎಂದಳು.

ಆಸಾಡಿಯಲ್ಲಿ ಒಳ್ಳೆಯ ಕೆಲಸ ಯಾರಾದರೂ ಇಟ್ಟುಕೊಳ್ಳುತ್ತಾರಾ ಎಂದು ಅಮ್ಮ ತಕರಾರು ತೆಗೆದಳು. ನೀನು ಹುಟ್ಟಿದ್ದೇ ಆಸಾಡಿಯಲ್ಲಲ್ಲವಾ ಎಂದರೆ, ಅದು ನನ್ನನ್ನು ಕೇಳಿ ಮಾಡಿದ್ದಲ್ಲ ಎಂದಳು. ಕಡೆಗೆ ಅಮಾವಾಸ್ಯೆಯ ಹಿಂದಿನ ಭಾನುವಾರ ಎಂದು ನಿಶ್ಚಯವಾಯಿತು. ಇದಕ್ಕೆ ಪಂಚಾಂಗ ಕಾರಣವಲ್ಲ, ನಮ್ಮ ಭಾವನ ವ್ಯಾಪಾರ ಕಾರಣ. ಊರಿನಲ್ಲಿ ನಾವು ಆಸಾಡಿ ಎನ್ನುವ ಆ ಅಮಾವಾಸ್ಯೆ ಮಹಾರಾಷ್ಟ್ರದಲ್ಲಿ ಗಟಾರಿ. ಮರುದಿನದಿಂದ ಶ್ರಾವಣ, ಮಾಂಸ ಮದ್ಯ ಬಂದ್. ಹಾಗಾಗಿ ಅದಕ್ಕೆ ಮೊದಲು ಎಷ್ಟು ಸಾಧ್ಯವೋ ಅಷ್ಟನ್ನು ಮುಗಿಸಿಬಿಡುವ ತರಾತುರಿ. ಶುದ್ಧ ಶಾಕಾಹಾರಿ ಉಡುಪಿ ಹೋಟೆಲಿಗೆ ಇಡೀ ವರ್ಷದಲ್ಲಿ ಅಷ್ಟು ಬಿಡುವಿನ ಭಾನುವಾರ ಇನ್ನೊಂದಿಲ್ಲ. ಭಾವನ ಹೋಟೆಲಿನ ಮಹಡಿಯ ಹಾಲ್ ಖಾಲಿ ಇತ್ತು.

ಕೆಲಸ ಹಂಚಿದರು. ಊಟ ಭಾವನದು, ಕರೆಯುವುದು ತಂಗಿಯದು, ಹಾಲಿನ ಅಲಂಕಾರ ಅವಳ ಮಕ್ಕಳದು. "ಮ್ಯೂಸಿಕ್ ಅಣ್ಣ ನೋಡಿಕೊಳ್ಳಲಿ" ಎಂದರು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಡೆಬಿಟ್ಟು ಕ್ರೆಡಿಟ್ಟು ಸರಿಹೊಂದಿಸಿದವನು ಹಾಡನ್ನಾದರೂ ಹೆಚ್ಚು ಹಾಳುಮಾಡಲಾರ ಎಂಬ ನಂಬಿಕೆ ಇರಬೇಕು.

ಸುಲಭದ ಕೆಲಸ ಎಂದುಕೊಂಡೆ. ಅಮ್ಮನಿಗೆ ಏನು ಇಷ್ಟ ಎಂದು ನನಗೆ ಗೊತ್ತಿತ್ತು: ಯಕ್ಷಗಾನ. ಅವಳ ಅಣ್ಣಯ್ಯ ಹವ್ಯಾಸಕ್ಕೆ ಮದ್ದಳೆ ಬಾರಿಸುತ್ತಿದ್ದರು. ಕೊಯ್ಲು ಮುಗಿದ ಗದ್ದೆಯಲ್ಲಿ ಚಾಪೆ ಹಾಸಿಕೊಂಡು ಬೆಳಗಿನವರೆಗೆ ಆಟ ನೋಡಿದ ಹುಡುಗಿ ಅವಳು. ಎಂಬತ್ತರ ದಶಕದಲ್ಲಿ ಕ್ಯಾಸೆಟ್ ಬಂದಾಗ ಗುಂಡ್ಮಿ ಕಾಳಿಂಗ ನಾವಡರ ಪದ್ಯ ನಮ್ಮ ಮನೆಯಲ್ಲಿ ಅಕ್ಕಿ ತೊಳೆಯುವಾಗಲೂ ಇತ್ತು, ದನ ಕರೆಯುವಾಗಲೂ ಇತ್ತು. 1990ರಲ್ಲಿ ನಾವಡರು ಅಪಘಾತದಲ್ಲಿ ಹೋದರು, ಆಗ ಅವರಿಗೆ 31 ವರ್ಷ. ಆ ಸುದ್ದಿ ಬಂದ ದಿನ ಟೇಪ್ ರೆಕಾರ್ಡರಿನ ಮೇಲೆ ಅಮ್ಮ ಹೊದೆಸಿದ ಬಟ್ಟೆಯನ್ನು ಮಳೆಗಾಲ ಕಳೆಯುವವರೆಗೂ ತೆಗೆಯಲಿಲ್ಲ.

ಆದರೆ ಪಟ್ಟಿ ಮಾಡಲು ಕುಳಿತಾಗ ತೊಡಕು ಕಂಡಿತು. ಕೀಚಕ ವಧೆ. ಜರಾಸಂಧ ವಧೆ. ರಾವಣ ವಧೆ. ಅಭಿಮನ್ಯು ಕಾಳಗ, ತಾಮ್ರಧ್ವಜ ಕಾಳಗ. ಎಂಬತ್ತು ತುಂಬಿದ ಮುದುಕಿಯ ಹುಟ್ಟುಹಬ್ಬಕ್ಕೆ ಯಾವ ವಧೆ ಹಾಕುವುದು? ವಧೆ ಬೇಡ, ಕಾಳಗ ಬೇಡ ಎಂದರೆ ಉಳಿಯುವುದು ಕಲ್ಯಾಣಗಳು. ತಾಯಿಗೆ ಎಂಬತ್ತಾಗುವಾಗ ಮಗ ಕಲ್ಯಾಣ ಹಾಕಿಸಿದ ಎಂದು ಊರಿಗೆ ಸುದ್ದಿ ಹೋದರೆ ಅದೊಂದು ಹೊಸ ಪ್ರಸಂಗ. ಹೆಂಡತಿಯನ್ನು ಕೇಳಿದೆ. "ನಿಮ್ಮ ಭಾಗವತಿಕೆಗೆ ಆ ಮರಾಠಿ ಜನ ಊಟ ಬಿಟ್ಟು ಏಳುತ್ತಾರೆ" ಎಂದಳು. ಅವಳು ಶಿವಮೊಗ್ಗದವಳು, ಆಟದ ವಿಷಯದಲ್ಲಿ ಅವಳ ಮಾತನ್ನು ನಾನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೂ ಎರಡು ಪದ್ಯ ಇಟ್ಟು ಉಳಿದದ್ದನ್ನು ತೆಗೆದೆ.

ನಾಶಿಕದಲ್ಲಿ ನಮ್ಮ ಕೆಳಗಿನ ಮನೆಯ ಕಾಕಾ ಪಂಚವಟಿಯಲ್ಲಿ ಬೆಳೆದವರು. ವಿಷಯ ತಿಳಿದು ಚಹಾ ಕಪ್ಪಿನ ಸಮೇತ ಮೇಲೆ ಬಂದರು. ಆಯೀಗೆ ಎಂಬತ್ತು ಎಂದ ಮೇಲೆ ಆರಂಭ ರಾಮನ ಭಜನೆಯಿಂದ, ಅದೂ ಡಿ.ವಿ. ಪಲುಸ್ಕರರದ್ದು, ಬೇರೆ ಮಾತೇ ಇಲ್ಲ ಎಂದರು. ಅವರ ಹಟಕ್ಕೆ ಕಾರಣವಿದೆ. ಲಾಹೋರಿನಲ್ಲಿ 1901ರಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದ ವಿಷ್ಣು ದಿಗಂಬರ ಪಲುಸ್ಕರರು ಕೊನೆಗಾಲದಲ್ಲಿ ಬಂದು ಆಶ್ರಮ ಕಟ್ಟಿಕೊಂಡದ್ದು ನಾಶಿಕದಲ್ಲಿ. ಅವರ ಮಗ ದತ್ತಾತ್ರೇಯ 1921ರಲ್ಲಿ ಹುಟ್ಟಿದ್ದೂ ಇಲ್ಲೇ. 1952ರ 'ಬೈಜೂ ಬಾವ್ರಾ' ಚಿತ್ರದಲ್ಲಿ ಅಮೀರ್ ಖಾನರ ಎದುರು ಹಾಡಿದ ಕಂಠ ಅದು, ಮೂವತ್ತನಾಲ್ಕಕ್ಕೇ ನಿಂತುಹೋಯಿತು. ಕಾಕಾ ಆ ವಯಸ್ಸು ಹೇಳಿದಾಗ ನಾನು ಕಾಳಿಂಗ ನಾವಡರ ವಯಸ್ಸು ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಚಹಾ ಕುಡಿದೆವು.

ಆಮೇಲೆ ಭೀಮಸೇನ ಜೋಶಿಯವರ ಅಭಂಗದ ಮಾತು ಬಂದು ಜಗಳವಾಯಿತು. ಅಭಂಗ ನಮ್ಮದು ಎಂದರು ಕಾಕಾ. ಕಂಠ ಗದಗದ್ದು ಎಂದೆ ನಾನು. ಬಾಳಿದ್ದು ಪುಣೆಯಲ್ಲಿ ಎಂದರು. ನಿಮ್ಮ ಗ.ದಿ. ಮಾಡಗೂಳಕರರೇ ಪಂಢರಪುರದ ವಿಠ್ಠಲನನ್ನು 'ಕಾನಡಾ ರಾಜ' ಎಂದು ಬರೆದು, ಸುಧೀರ್ ಫಡಕೆ, ವಸಂತರಾವ್ ದೇಶಪಾಂಡೆ ಸೇರಿ ಹಾಡಿದ್ದಾರಲ್ಲ, ದೇವರೇ ನಮ್ಮವನಾದ ಮೇಲೆ ಅಭಂಗದ ಮಾತೇನು ಎಂದೆ. ಕಾಕಾ ನಕ್ಕು, "ಹಾಗಾದರೆ ಅದನ್ನೇ ಹಾಕು, ಇಬ್ಬರಿಗೂ ಆಯಿತು" ಎಂದರು. ಹಾಕಿದೆ. ಪಟ್ಟಿಯಲ್ಲಿ ಯಾರೂ ತಕರಾರು ಮಾಡದೆ ಸೇರಿದ ಹಾಡು ಅದೊಂದೇ.

ಊರಿನಿಂದ ಚಿಕ್ಕಮ್ಮನ ಮಗನ ಫೋನು. "ಹುಟ್ಟುಹಬ್ಬ ಅಂತೆ! ನಿಮಗೇನು ಬಿಡು, ನಾಸಿಕದಲ್ಲೇ ಇದ್ದೀರಿ. ಒಳ್ಳೆ ನಾಸಿಕ್ ಬ್ಯಾಂಡ್ ಇಡು." ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಣಪತಿ ಬಿಡುವುದಿರಲಿ, ದೇವಸ್ಥಾನದ ಹೊರೆಕಾಣಿಕೆ ಇರಲಿ, ಗೆದ್ದ ಅಭ್ಯರ್ಥಿಯ ಮೆರವಣಿಗೆ ಇರಲಿ, ಸೊಂಟಕ್ಕೆ ದೊಡ್ಡ ಡೋಲು ಕಟ್ಟಿಕೊಂಡ ಹುಡುಗರ ಸಾಲು ಬರಲೇಬೇಕು. ಒಂದು ಮುಖಕ್ಕೆ ದಪ್ಪ ಕೋಲಿನ ಪೆಟ್ಟು, ಇನ್ನೊಂದಕ್ಕೆ ಕೈ ಇಲ್ಲವೇ ತೆಳು ಬೆತ್ತ, ಮಧ್ಯೆ ತಾಸೆ ಚಟಪಟ. ಬಾರಿಸುವವರು ಕಾರ್ಕಳದವರೋ ಕಾಸರಗೋಡಿನವರೋ ಇರುತ್ತಾರೆ, ಹೆಸರು ಮಾತ್ರ ನಾಸಿಕ್ ಬ್ಯಾಂಡ್. ಇಲ್ಲಿ ನಾಶಿಕದಲ್ಲಿ ಅದು ಬರೀ ಢೋಲ್. ಮಂಗಳೂರಿನವರು ಹೆಂಚಿಗೆ ಹೆಂಚು ಎಂದಷ್ಟೇ ಹೇಳುವ ಹಾಗೆ.

ಫೋನ್ ಸ್ಪೀಕರಿನಲ್ಲಿತ್ತು. ನಾನು ನಕ್ಕುಬಿಟ್ಟೆ. ಮೊದಲ ಮಹಡಿಯ ಹಾಲಿನಲ್ಲಿ ಡೋಲು ಬಾರಿಸಿದರೆ ಗಾಜು ಉಳಿಯುತ್ತದಾ ಎಂದೆ. ಎದುರಿಗೆ ಅಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಏನೂ ಹೇಳಲಿಲ್ಲ. ಅಪ್ಪಯ್ಯ ಹೋದ ಮೇಲೆ ಅವಳು ನಾಶಿಕಕ್ಕೆ ಬಂದು ಹದಿನಾಲ್ಕು ವರ್ಷ. ಗಣಪತಿ ಬರುವಾಗ, ರಂಗಪಂಚಮಿಯ ದಿನ, ರಸ್ತೆಯಲ್ಲಿ ಢೋಲ್ ಕೇಳಿದ ಕೂಡಲೇ ಅವಳ ಬಿಪಿಗೆ ಆಗುವುದಿಲ್ಲವೆಂದು ಕಿಟಕಿ ಮುಚ್ಚುತ್ತಿದ್ದವನು ನಾನೇ.

ಶನಿವಾರ ತಪೋವನ ಎಕ್ಸ್‌ಪ್ರೆಸ್ ಹತ್ತಿದೆವು. ಅಮ್ಮನಿಗೆ ಕಾರು ಆಗುವುದಿಲ್ಲ, ರೈಲಿನಲ್ಲಿ ಕಿಟಕಿ ಬದಿ ಸಿಕ್ಕಿದರೆ ಮಾತೇ ಬೇಡ. ಮನ್ಮಾಡ್ ದಾಟಿದ ಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ನನ್ನ ನಲವತ್ತಾರು ಹಾಡುಗಳನ್ನು ಒಂದೊಂದೇ ಕೇಳಿಸಿದೆ. ಎಲ್ಲಕ್ಕೂ ಒಂದೇ ಉತ್ತರ: "ಅಡ್ಡಿಲ್ಲೆ." ಈ 'ಅಡ್ಡಿಲ್ಲೆ' ನಮ್ಮ ಕಡೆಯ ಭಾರೀ ಮಾತು. ಹೆಣ್ಣು ನೋಡಲು ಹೋದವರು ಅಡ್ಡಿಲ್ಲ ಎಂದರೆ ಒಪ್ಪಿಗೆ. ಊಟ ಅಡ್ಡಿಲ್ಲ ಎಂದರೆ ಅಡುಗೆಯವನಿಗೆ ಮುಂದಿನ ಸಲ ಕರೆ ಇಲ್ಲ. ಅಮ್ಮನದು ಯಾವ ಅಡ್ಡಿಲ್ಲೆ ಎಂದು ಲಾಸೂರ್ ಬರುವವರೆಗೂ ತಿಳಿಯಲಿಲ್ಲ.

ದೌಲತಾಬಾದಿನ ಗುಡ್ಡ ಕಂಡಾಗ ನಾನು ಪಟ್ಟಿ ಬಿಟ್ಟು ಪ್ರವಾಸಿ ಮಾರ್ಗದರ್ಶಿಯಾದೆ. ಇದೇ ಹಳೆಯ ದೇವಗಿರಿ. ಇಲ್ಲಿ ಆಳಿದ ಸೇವುಣರು ಕನ್ನಡದಲ್ಲೂ ಬೇಕಾದಷ್ಟು ಶಾಸನ ಹಾಕಿಸಿದ್ದಾರೆ. 13ನೇ ಶತಮಾನದಲ್ಲಿ ಸಿಂಘಣ ರಾಜನ ಆಸ್ಥಾನದಲ್ಲಿದ್ದ ಶಾರ್ಙ್ಗದೇವ 'ಸಂಗೀತ ರತ್ನಾಕರ' ಬರೆದದ್ದು ಈ ಗುಡ್ಡದ ಬುಡದಲ್ಲಿ. ಹಿಂದೂಸ್ತಾನಿಯವರೂ ಕರ್ನಾಟಕದವರೂ ಇಬ್ಬರೂ ಇವತ್ತಿಗೂ ಕೈಮುಗಿಯುವ ಗ್ರಂಥ. ಆದರೆ ಅವನ ಉದ್ಯೋಗ ಹಾಡುವುದಲ್ಲ, ಶ್ರೀಕರಣದ ಅಧಿಕಾರಿ. ಅಂದರೆ ಲೆಕ್ಕಪತ್ರದ ಮುಖ್ಯಸ್ಥ.

"ಲೆಕ್ಕದವ್ನಾ? ಹಂಗಾರೆ ನಿನ್ನ್ ಹಾಂಗೆ ಬ್ಯಾಂಕಿನವ" ಎಂದಳು ಅಮ್ಮ. ಮೂವತ್ತೈದು ವರ್ಷದ ನೌಕರಿಯಲ್ಲಿ ಸಿಗದ ಮರ್ಯಾದೆ ಆ ಒಂದು ಮಾತಿನಲ್ಲಿ ಸಿಕ್ಕಿತು. ಹುರುಪಿನಲ್ಲಿ ಏಳು ಅಧ್ಯಾಯಗಳನ್ನೂ ಹೇಳಿದೆ: ಸ್ವರ, ರಾಗ, ಪ್ರಕೀರ್ಣ, ಪ್ರಬಂಧ, ತಾಳ, ವಾದ್ಯ, ನರ್ತನ.

"ತಾಳದ್ದ್ ಎಷ್ಟನೇದ್?"

"ಐದನೇದು."

"ಅದ್ ಮೊದ್ಲ್ ಬರ್ಕಿತ್ತ್" ಎಂದು ಅಮ್ಮ ಮತ್ತೆ ಕಿಟಕಿಗೆ ತಿರುಗಿದಳು. ನಾನು ಅದನ್ನೂ ಒಂದು ಅಡ್ಡಿಲ್ಲೆ ಎಂದೇ ತೆಗೆದುಕೊಂಡೆ.

ಭಾನುವಾರ ಸಂಜೆ ಎಪ್ಪತ್ತು ಜನ. ತಂಗಿಯ ಮಕ್ಕಳು ಬಾಗಿಲಲ್ಲೇ, "ಮಾವ, ಝಿಂಗಾಟ್ ಇದೆ ತಾನೇ?" ಎಂದವು. 2016ರ 'ಸೈರಾಟ್' ಬಂದ ಮೇಲೆ ಮಹಾರಾಷ್ಟ್ರದಲ್ಲಿ ಆ ಅಜಯ್-ಅತುಲ್ ಹಾಡಿಲ್ಲದೆ ಬಾರಸೆಯೂ ಆಗುವುದಿಲ್ಲ. ನಾನು ಜಾಣತನ ಮಾಡಿ, ಮರುವರ್ಷ ಕನ್ನಡಕ್ಕೆ ಬಂದ 'ಮನಸು ಮಲ್ಲಿಗೆ'ಯ ಆವೃತ್ತಿ ಹಾಕಿದೆ. ಧಾಟಿ ಅದೇ, ಸಂಗೀತ ನಿರ್ದೇಶಕರು ಅವರೇ, ನಾಯಕಿಯೂ ಅವಳೇ. ಆದರೂ ಎರಡನೇ ಸಾಲಿಗೆ ಮಕ್ಕಳು ಹಿಡಿದುಬಿಟ್ಟರು. ಮಾವ ಡುಪ್ಲಿಕೇಟ್ ಹಾಕಿದ್ದಾನೆ ಎಂದು ಹಾಲಿಡೀ ಸಾರಿದರು.

ಕೇಕಿನ ಹೊತ್ತಿಗೆ ಎಲ್ಲರಿಗೂ ಬಾಯಿಪಾಠವಾದ ಆ ಇಂಗ್ಲಿಷ್ ಹಾಡು. ಅದಕ್ಕೆ ಪಟ್ಟಿಯೇ ಬೇಡ ನೋಡಿ. ಅಮೆರಿಕದ ಲೂಯಿವಿಲ್ ಊರಿನ ಹಿಲ್ ಅಕ್ಕತಂಗಿಯರು 1893ರಲ್ಲಿ ಶಿಶುವಿಹಾರದ ಮಕ್ಕಳಿಗೆ ಬೆಳಗಿನ ನಮಸ್ಕಾರ ಹೇಳಿಸಲು ಪ್ರಕಟಿಸಿದ ಧಾಟಿ ಅದು. ಹುಟ್ಟುಹಬ್ಬ ಆಮೇಲೆ ಹತ್ತಿಕೊಂಡದ್ದು. ಆ ಪದಗಳ ಮೇಲೆ ಹಕ್ಕು ಹೇಳಿಕೊಂಡು ಒಂದು ಕಂಪನಿ ಎಷ್ಟೋ ವರ್ಷ ದುಡ್ಡು ವಸೂಲು ಮಾಡಿ, 2015ರಲ್ಲಿ ಅಲ್ಲಿನ ನ್ಯಾಯಾಲಯ ಆ ಹಕ್ಕು ಊರ್ಜಿತವಲ್ಲ ಎಂದಿತು. ಇಷ್ಟೆಲ್ಲ ಕಾದಾಡಿದ ಹಾಡನ್ನು ಸರಿಯಾಗಿ ಹಾಡಿದವರನ್ನು ನಾನು ಕಂಡಿಲ್ಲ. ಮೂರನೇ ಸಾಲಿನಲ್ಲಿ ಅದು ಒಂದೇ ನೆಗೆತಕ್ಕೆ ಇಡೀ ಒಂದು ಸ್ಥಾಯಿ ಮೇಲೇರುತ್ತದೆ. ಅಲ್ಲಿ ಎಪ್ಪತ್ತು ಜನ ಎಪ್ಪತ್ತು ಕೊಂಬೆಗೆ ಜಿಗಿದರು. ಯಾರೂ ಸಿಕ್ಕಿದ ಕೊಂಬೆ ಬಿಡಲಿಲ್ಲ. ಮುಗಿದ ಮೇಲೆ 1967ರ 'ಫರ್ಜ್' ಚಿತ್ರದ ರಫಿ ಹಾಡು ಹಾಕಿ ಕಿವಿ ತೊಳೆದೆ.

ನಂತರ ವಿಠ್ಠಲ ಬಂದ. ಹಿರಿಯರು ತಲೆದೂಗುತ್ತಿದ್ದಾಗ ನಡುವೆ ಹಾಡು ನಿಂತು, ಸ್ಪೀಕರಿನಿಂದ ಮರಾಠಿಯಲ್ಲಿ ಯಾರೋ ನಲವತ್ತು ಪ್ಲೇಟ್ ಇಡ್ಲಿ ಕೇಳಿದರು. ಸ್ಪೀಕರಿಗೆ ಜೋಡಿಸಿದ್ದು ಭಾವನ ಫೋನಾಗಿತ್ತು. ಭಾವ ಓಡಿಬಂದು, ಚಟ್ನಿ ಬೇರೆ ಕಟ್ಟಬೇಕಾ ಎಂದು ಅಲ್ಲಿಂದಲೇ ವಿಚಾರಿಸಿದರು. ಅತಿಥಿಗಳಿಗೆ ಅಭಂಗಕ್ಕಿಂತ ಇದು ಹೆಚ್ಚು ರುಚಿಸಿತು.

ಎಂಟೂಕಾಲಿಗೆ ಮಳೆ ಹೊಡೆಯಿತು, ಕರೆಂಟು ಹೋಯಿತು. ಭಾವನ ಜನರೇಟರು ಫ್ರಿಜ್ಜಿಗೆ, ಗ್ರೈಂಡರಿಗೆ, ನಾಲ್ಕು ಬಲ್ಬಿಗೆ. ಸ್ಪೀಕರು ಸತ್ತಿತು. ಬಡಿಸುವುದಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಮಂದ ಬೆಳಕಿನಲ್ಲಿ ಜನ ಮೊಬೈಲು ನೋಡತೊಡಗಿದರು. ನನ್ನ ಹತ್ತೊಂಬತ್ತು ಹಾಡು ಬಾಕಿ ಉಳಿದಿದ್ದವು, ಎರಡು ಪದ್ಯವೂ ಅದರಲ್ಲೇ.

ಅಡುಗೆಮನೆಯ ಮೆಟ್ಟಿಲ ಕಡೆಯಿಂದ ಢಂ ಎಂದಿತು. ಸ್ವಲ್ಪ ಬಿಟ್ಟು ಇನ್ನೊಂದು. ಬೈಂದೂರಿನ ಕಡೆಯ ಮಾಣಿ ಒಬ್ಬ, ಹೋಟೆಲಿಗೆ ಸೇರಿ ಆರು ತಿಂಗಳಾದವನು, ಹದಿನೈದು ಕಿಲೋದ ಖಾಲಿ ಎಣ್ಣೆ ಡಬ್ಬವನ್ನು ಟವೆಲಿನಿಂದ ಸೊಂಟಕ್ಕೆ ಕಟ್ಟಿಕೊಂಡು ಸಾರಿನ ಸೌಟಿನ ಹಿಡಿಯಿಂದ ಬಾರಿಸುತ್ತಿದ್ದ. ಎಡಗೈ ಬೆರಳು ಇನ್ನೊಂದು ಬದಿಗೆ. ಅವನ ಹಿಂದೆ ಇಬ್ಬರು, ಪ್ಲಾಸ್ಟಿಕ್ ಬಕೆಟು ಹಿಡಿದವರು. ಊರಿನಲ್ಲಿ ಅವನು ಎರಡು ವರ್ಷ ನಾಸಿಕ್ ಬ್ಯಾಂಡಿನಲ್ಲಿದ್ದನಂತೆ. ನಾಶಿಕವನ್ನು ರೈಲಿನ ಕಿಟಕಿಯಿಂದಷ್ಟೇ ನೋಡಿದ್ದಂತೆ. ಪೆಟ್ಟು ನಿಧಾನಕ್ಕೆ ಶುರುವಾಗಿ, ಮಡಚಿ, ಎರಡು ಪಟ್ಟಾಗಿ, ಮಕ್ಕಳು ಝಿಂಗಾಟನ್ನೂ ಮರೆತು ಕುಣಿಯತೊಡಗಿದರು. ಭಾವ ಗಾಜಿನ ಕಡೆ ನೋಡುತ್ತ ನಿಂತರು.

ನಾನು ಅಮ್ಮನ ಬಿಪಿ ನೆನೆದು ಅವಳ ಕುರ್ಚಿಯ ಹತ್ತಿರ ಹೋದೆ. ಕುರ್ಚಿ ಖಾಲಿ. ಅವಳು ಆಗಲೇ ಮೆಟ್ಟಿಲ ಬಳಿ ನಿಂತಿದ್ದಳು. ಬಲಗೈಯ ಬೆರಳು ಎಡ ಅಂಗೈಯಲ್ಲಿ ಲೆಕ್ಕ ಹಾಕುತ್ತಿತ್ತು. ಸಂತೋಷವಾಗಿದ್ದಾಳೆ ಎಂದುಕೊಂಡರೆ ಮುಖದಲ್ಲಿ ಅಸಮಾಧಾನ.

"ತಾಸಿ ಇಲ್ದೆ ಎಂಥ ಬ್ಯಾಂಡ್ ಅದ್?" ಎಂದಳು.

ಮಾಣಿ ನಿಲ್ಲಿಸಿ, ತಪ್ಪಾಯಿತು ಎನ್ನುವವನ ಹಾಗೆ ನೋಡಿದ. ಯಾರೋ ಸ್ಟೀಲ್ ತಟ್ಟೆ ತಂದರು, ಇನ್ನಾರೋ ಎರಡು ಚಮಚ. ಅಮ್ಮ ಚಮಚ ಬೇಡವೆಂದಳು, ಅದು ಪಾತ್ರೆ ತೊಳೆದ ಹಾಗೆ ಕೇಳುತ್ತದೆ. ತಂಗಿಯ ಸ್ಟೋರ್ ರೂಮಿನಲ್ಲಿ ಊರಿನಿಂದ ತರಿಸಿದ ಹೊಸ ಹಿಡಿಸೂಡಿ ಇತ್ತು. ತರಿಸಿದಳು. ಕಟ್ಟು ಬಿಚ್ಚಿ, ಒಂದೊಂದೇ ಕಡ್ಡಿ ಬಗ್ಗಿಸಿ ನೋಡಿ, ದಪ್ಪನೆಯ ಎರಡನ್ನು ಆರಿಸಿ, ಗೇಣಳತೆಗೆ ಮುರಿದು, ತಟ್ಟೆ ಹಿಡಿದವನ ಕೈಗಲ್ಲ, ನನ್ನ ಕೈಗೆ ಕೊಟ್ಟಳು.